ಪೇರಲ ಗಿಡದ ಮೋಸಂಬಿ

ಒಬ್ಬರಿಗೆ ಹಣ್ಣು ತಿನ್ನಿಸುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಅರವತ್ತು ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುವ ಮಾಸ್ತರ ನಾನು. ಒಬ್ಬ ಮುದುಕಿಯ ಬಾಯಿಗೆ ಒಂದು ಮೋಸಂಬಿ ಹಾಕಲಾರದೆ ಸೋತುಹೋದೆ.

ಮುದುಕಿಯೆಂದರೆ ನನ್ನ ಫುಪ್ಪು, ತಂದೆಯ ಅಕ್ಕ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಸಂತಪುರದಲ್ಲಿ ನಮ್ಮದು ಹಬಶಿಗಳ ಮನೆ. ಬಹಮನಿ ಸುಲ್ತಾನರ ಕಾಲಕ್ಕೆ ಆಫ್ರಿಕಾದಿಂದ ಸಮುದ್ರ ದಾಟಿ ಬಂದವರ ಪೀಳಿಗೆ ಎನ್ನುತ್ತಾರೆ. ಆ ಸಮುದ್ರದ ನೆನಪು ಮನೆಯಲ್ಲಿ ಯಾರಿಗೂ ಇಲ್ಲ. ಉಳಿದಿರುವುದು ಒಂದು ರಿವಾಜು. ಹಣ್ಣನ್ನು ಗಿಡದಿಂದ ಕೀಳಬಾರದು, ತಾನಾಗಿ ಬಿದ್ದದ್ದನ್ನೇ ತಿನ್ನಬೇಕು, ಅದರಲ್ಲೂ ದಿನದ ಮೊದಲ ಹಣ್ಣು ನೆರೆಮನೆಗೆ. ಇದು ಆಫ್ರಿಕಾದಿಂದಲೇ ಬಂದದ್ದೆಂದು ಚಿಕ್ಕಪ್ಪನ ವಾದ. ಮುತ್ತಜ್ಜನಿಗೆ ಗಿಡ ಹತ್ತಲು ಬರುತ್ತಿರಲಿಲ್ಲ, ಅಷ್ಟೇ ಎಂದು ನನ್ನ ವಾದ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಚಳಿಗಾಲದಲ್ಲಿ ಫುಪ್ಪುವಿಗೆ ಎದೆನೋವು ಬಂತು. ಹೃದಯ ದುರ್ಬಲವಾಗಿದೆ, ಕರಿದದ್ದು ಬಿಡಿ, ದಿನವೂ ಹಣ್ಣು ತಿನ್ನಿ ಎಂದರು ಡಾಕ್ಟರು. ಅವಳ ಅಂಗಳದ ಪೇರಲ ಗಿಡ ದಿನಕ್ಕೆ ಉದುರಿಸುವುದು ಒಂದೋ ಎರಡೋ. ಮೊದಲನೆಯದು ನೆರೆಮನೆಗೆ ಹೋಗುತ್ತದೆ. ಎರಡನೆಯದನ್ನು ಗಿಳಿ ಅರ್ಧ ತಿಂದಿರುತ್ತದೆ. ಹೀಗಾದರೆ ಹೃದಯ ಗಟ್ಟಿಯಾಗುವುದು ಯಾವಾಗ, ನೀವೇ ಹೇಳಿ. ಬೀದರದ ಹತ್ತಿರ ಮೈಲೂರಿನಲ್ಲಿರುವ ನನ್ನ ಮನೆಯಿಂದ ವಾರವಾರವೂ ಬಸ್ಸು ಹಿಡಿದು ಮೋಸಂಬಿ ಒಯ್ದೆ. ಅಂಗಡಿಯದು ಕಿತ್ತ ಹಣ್ಣು ಎಂದು ಅವಳು ಮುಟ್ಟಲಿಲ್ಲ. ಬೇಡಿಕೊಂಡೆ, ಗದರಿದೆ. "ಆತು, ಇಡು" ಎನ್ನುವಳು. ನಾನು ಬಸ್ಸು ಹತ್ತುವ ಮೊದಲೇ ಓಣಿಗೆಲ್ಲ ಹಂಚಿಬಿಡುವಳು.

ಕೊನೆಗೆ ತಲೆ ಓಡಿಸಿದೆ. ಒಂದು ರವಿವಾರ ಬೆಳಿಗ್ಗೆ ಅವಳು ನಮಾಜಿಗೆ ಕೂತಿದ್ದಾಗ, ತಂದ ಮೋಸಂಬಿಯನ್ನೆಲ್ಲ ಪೇರಲ ಗಿಡದ ಬುಡದಲ್ಲಿ ಚೆಲ್ಲಿದೆ. ಸಹಜವಾಗಿ ಕಾಣಲೆಂದು ಎರಡಕ್ಕೆ ಮಣ್ಣನ್ನೂ ಹಚ್ಚಿದೆ. ವಿದ್ಯಾವಂತನ ಬುದ್ಧಿ ನೋಡಿ.

ಫುಪ್ಪು ಹೊರಗೆ ಬಂದು ಬಹಳ ಹೊತ್ತು ಗಿಡದ ಬುಡವನ್ನೇ ನೋಡಿದಳು.

"ಮಾಸ್ತರ್ ಸಾಬ್, ಹೊಸ ರಾಜ್ಯದಾಗ ಪೇರಲ ಗಿಡಕ್ಕ ಮೋಸಂಬಿ ಬಿಡ್ತಾವೇನ್ರಿ?"

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. "ಚ್ಯಾಷ್ಟಿ ಮಾಡಬ್ಯಾಡ. ನೀ ಸತ್ರ ನನಗ್ಯಾರ ಅದಾರ?" ಅಂದುಬಿಟ್ಟೆ. ವಾರಗಟ್ಟಲೆ ಪಥ್ಯ, ಡಾಕ್ಟರು, ಮೋಸಂಬಿ ಎಂದು ಕೂಗಾಡಿದವನು ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ.

ಅವಳು ಬಗ್ಗಿ ಒಂದು ಮೋಸಂಬಿ ಎತ್ತಿ ನನ್ನ ಕೈಗಿಟ್ಟಳು. "ಮೊದಲನೇದು ಬಾಜೂ ಮನಿಗಿ ಕೊಟ್ಟು ಬಾ." ನಾನು ಮರಳಿ ಬರುವಷ್ಟರಲ್ಲಿ ಇನ್ನೊಂದನ್ನು ಸುಲಿಯುತ್ತ ಕೂತಿದ್ದಳು.

"ಹೆದರಿಕಿ ಆಗ್ಯದಂತ ಮೊದಲ ಹೇಳಬಾರದೇನು ಬೇಟಾ? ಇಷ್ಟು ದಿನ ಚೀಲ ಯಾಕ ಹೊತ್ತಿ?"

ಒಂದು ತೊಳೆ ಬಾಯಿಗಿಟ್ಟಳು. ಬಹಳ ಹುಳಿಯಿತ್ತೆಂದು ಕಾಣುತ್ತದೆ. ಮುಖ ಕಿವುಚಿಕೊಂಡೇ ಇಡೀ ಹಣ್ಣು ತಿಂದು ಮುಗಿಸಿದಳು.