ಜಾರಿದ ಬೆಲ್ಟು, ಮರ್ಕಂಜದ ದಾರಂದ

ನಾನು ಓದಿದ್ದು ಮೂರನೆಯ ಕ್ಲಾಸು. ಯಂತ್ರದ ವಿಷಯ ಯಾರೂ ಕಲಿಸಿದ್ದಲ್ಲ. ಆದರೂ ಎಪ್ಪತ್ತರ ದಶಕದ ಕೊನೆಗೆ, ಐವರ್ನಾಡಿನಲ್ಲಿ ನಮ್ಮ ಗರಗಸ ನಿಂತ ದಿನ ಅದನ್ನು ಓಡಿಸಿದವಳು ನಾನೇ. ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ.

ಗಂಡ ಪುತ್ತೂರಿನಿಂದ ಹಳೆಯ ಗರಗಸದ ಮೇಜೊಂದನ್ನು ತಂದು ಕೊಟ್ಟಿಗೆಯಲ್ಲಿ ಹಾಕಿದ್ದರು. ಒಂದು ಕಡೆ ಡೀಸೆಲ್ ಎಂಜಿನ್, ಇನ್ನೊಂದು ಕಡೆ ದುಂಡು ಗರಗಸದ ಮೇಜು, ನಡುವೆ ಗರಗಸವನ್ನು ತಿರುಗಿಸುವ ಅಗಲದ ಬೆಲ್ಟು. ಗುಜರಿ ತಂದಿದ್ದಾರೆ ಎಂದು ಊರೆಲ್ಲ ನಕ್ಕಿತ್ತು. ಮೊದಲ ದೊಡ್ಡ ಕೆಲಸ ಬಂದದ್ದು ಮರ್ಕಂಜದಿಂದ. ಅಲ್ಲಿಯವರೊಬ್ಬರು ಹೊಸ ಮನೆಗೆ ಮರುದಿನ ಬೆಳಿಗ್ಗೆ ದಾರಂದ ಇಡುವವರಿದ್ದರು. ಬಾಗಿಲಿನ ಚೌಕಟ್ಟಿಗೆ ನಾವು ದಾರಂದ ಎನ್ನುವುದು. ಅದನ್ನು ನಿಲ್ಲಿಸಲು ಮುಹೂರ್ತ ಉಂಟು, ತಪ್ಪಿಸುವ ಹಾಗಿಲ್ಲ. ಅವರು ಜೀಪಿನಲ್ಲಿ ಹಲಸಿನ ಮರ ತಂದು ಇಳಿಸಿ, ಪಕ್ಕದಲ್ಲೇ ನಿಂತರು.

ಗರಗಸ ಸುಮ್ಮನೆ ತಿರುಗುವಾಗ ಚೆನ್ನಾಗಿಯೇ ತಿರುಗಿತು. ಮರ ಕೊಟ್ಟ ಕೂಡಲೇ ನಿಂತಿತು. ಎಂಜಿನ್ ಓಡುತ್ತಲೇ ಇತ್ತು, ಬೆಲ್ಟು ಜಾರುತ್ತಿತ್ತು. ಸಡಿಲವಾಗಿದೆ ಎಂದು ಗಂಡ ಒಂದು ತುಂಡು ಕತ್ತರಿಸಿ ಮತ್ತೆ ಹೊಲಿದರು. ಜಾರಿತು. ಎಂಜಿನನ್ನು ಹಿಂದಕ್ಕೆ ಎಳೆದು ಬಿಗಿ ಮಾಡಿದರು. ಈಗ ಹೊಗೆಯೂ ಬಂತು. ಮರ್ಕಂಜದವರು ವಾಚು ನೋಡಿ, ಮರವನ್ನು ಪುತ್ತೂರಿಗೇ ಒಯ್ಯುತ್ತೇನೆ ಎಂದರು. ಗಂಡನ ಮುಖ ಸುಟ್ಟ ಬದನೆಯ ಹಾಗಾಯಿತು.

ಹಪ್ಪಳದ ಹಿಟ್ಟು ಬಿಟ್ಟು ನಾನೂ ಬಂದು ನಿಂತಿದ್ದೆ. ಮೂಗಿಗೆ ಬಡಿದದ್ದು ರಬ್ಬರಿನ ವಾಸನೆಯಲ್ಲ, ಕಾದ ಕಾವಲಿಗೆ ಎಣ್ಣೆ ಸವರಿದ ವಾಸನೆ.

"ಬೆಳಿಗ್ಗೆ ಹಲಸಿನಕಾಯಿ ಕೊಯ್ದ ಮೇಲೆ ಕೈ ತೊಳೆದಿದ್ದೀರಾ?" ಎಂದೆ.

"ಈಗ ಹಲಸಿನಕಾಯಿ ಸುದ್ದಿ ಎಂತಕ್ಕೆ ಮಾರಾಯ್ತಿ?"

"ಬೆಲ್ಟಿಗೆ ತೆಂಗಿನೆಣ್ಣೆ ಕುಡಿಸಿದ್ದೀರಿ. ಜಾರದೆ ಅದು ಎಂತ ಮಾಡುದು?"

ಹಲಸಿನ ಮೇಣ ಅಂಟದಿರಲಿ ಎಂದು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವಲ್ಲ, ಅದೇ ಕೈಯಲ್ಲಿ ಇವರು ಬೆಲ್ಟಿನ ಒಳಮೈಯನ್ನು ಉದ್ದಕ್ಕೂ ಸವರಿ, ಬಿರುಕು ಉಂಟೋ ಎಂದು ನೋಡಿದ್ದರು.

"ಅಕ್ಕ, ಇನ್ನು ಸಾಸಿವೆ ಹಾಕಿದ್ರೆ ಒಗ್ಗರಣೆ ಆಯ್ತು" ಎಂದರು ಮರ್ಕಂಜದವರು. ನಗಲು ನನಗೆ ಪುರುಸೊತ್ತಿರಲಿಲ್ಲ.

ಎಂಜಿನ್ ನಿಲ್ಲಿಸಿ ಬೆಲ್ಟು ಬಿಚ್ಚಿಸಿದೆ. ಅಂಟುವಾಳಕಾಯಿ ನೆನೆಸಿ ನೊರೆ ಮಾಡಿ, ಎಣ್ಣೆತಲೆ ತಿಕ್ಕುವ ಹಾಗೆ ತೆಂಗಿನ ನಾರಿನಲ್ಲಿ ತಿಕ್ಕಿದೆ. ಬೆಲ್ಟು ಸುತ್ತುವ ಎರಡು ಗಾಲಿಗಳನ್ನೂ ಬಿಡಲಿಲ್ಲ. ಅಂಗಳದ ಬಿಸಿಲಿನಲ್ಲಿ ಬೆಲ್ಟು ಗರಿಗರಿ ಒಣಗಿತು. ಗಂಡ ಅಷ್ಟು ಹೊತ್ತೂ ಸಾಬೂನು ಹಚ್ಚಿ ಹಚ್ಚಿ ಕೈ ತೊಳೆಯುತ್ತಿದ್ದರು. ಬೆಲ್ಟು ಮತ್ತೆ ಏರಿಸಲು, ಹಿಂದಕ್ಕೆ ಎಳೆದಿದ್ದ ಎಂಜಿನನ್ನು ಮುಂದಕ್ಕೆ ತಳ್ಳಬೇಕಾಯಿತು.

ಮರ ಕೊಟ್ಟರು. ಗರಗಸ ಒಮ್ಮೆ ಗುರ್ ಎಂದಿತು, ನಿಲ್ಲಲಿಲ್ಲ. ಹಳದಿ ಹುಡಿ ಕಾರಂಜಿಯ ಹಾಗೆ ಹಾರಿತು, ನನ್ನ ತಲೆ, ಸೀರೆ ಎಲ್ಲ ಅರಶಿನ. ಕುಣಿಯುವುದೊಂದು ಬಾಕಿ!

ಸಂಜೆಯೊಳಗೆ ದಾರಂದದ ನಾಲ್ಕು ಪಟ್ಟಿಗಳೂ ಜೀಪು ಹತ್ತಿದವು. ಮರುದಿನ ಮುಹೂರ್ತಕ್ಕೆ ದಾರಂದ ನಿಂತಿತು. ಊರಿನವರು ಗುಜರಿ ಎನ್ನುವುದನ್ನು ಬಿಟ್ಟರು.

ಗಂಡನ ಎಣ್ಣೆಕೈ ಕಥೆಯನ್ನು ನಾನು ಹತ್ತು ವರ್ಷ ಹೇಳಿ ನಗಿಸಿದೆ. ಆ ಬೆಳಿಗ್ಗೆ ಆ ಕೈಗೆ ಎಣ್ಣೆ ಸುರಿದವಳು ನಾನು, ತೊಳೆಯಲು ಬಿಡದೆ "ಜೀಪು ಬಂತು, ಓಡಿ" ಎಂದು ಅಟ್ಟಿದವಳೂ ನಾನು. ಅದನ್ನು ಮಾತ್ರ ಹೇಳಲಿಲ್ಲ.