ಬಿಳಿ ಮುಚ್ಚಳದೊಳಗಿನ ಸದ್ದು

ತಂಗಿ ಕಟ್ಟಿದ ರೇಸ್ ಕಾರಿಗೆ ಇನ್ನೂ ಮೈ ಇರಲಿಲ್ಲ. ಕಬ್ಬಿಣದ ಪೈಪುಗಳನ್ನು ಬೆಸೆದು ಮಾಡಿದ ಗೂಡು, ಗುಜರಿಗೆ ಹೋಗಬೇಕಿದ್ದ ಒಂದು ಕಾರಿನ ಇಂಜಿನ್ನು, ಒಂದೇ ಸೀಟು, ನಾಲ್ಕು ಚಕ್ರ, ಇಷ್ಟೇ. ಅದು ನಿಂತಿದ್ದದ್ದು ನಮ್ಮ ತೋಟದ ಕೊಬ್ಬರಿ ಶೆಡ್ಡಿನಲ್ಲಿ. ಮೇಲೆ ಅಟ್ಟದ ತುಂಬ ಒಣಗುತ್ತಿರುವ ಕಾಯಿ, ಕೆಳಗೆ ಈ ಗೂಡು. ತಂಗಿ ತಿಪಟೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದಾಳೆ. ಕೆಲಸದಿಂದ ಬಂದು, ಒಂದು ಲೋಟ ಕಾಫಿ ಕುಡಿದು, ಶೆಡ್ಡಿಗೆ ಹೋಗುವಳು. ಮಣ್ಣಿನ ಟ್ರ್ಯಾಕಿನ ರೇಸಿನಲ್ಲಿ ಅದನ್ನು ತಾನೇ ಓಡಿಸಬೇಕೆಂಬುದು ಅವಳ ಹಟ.

ಪಕ್ಕದ ಮುಚ್ಚಳಗಳನ್ನು ಅವಳೇ ತಗಡಿನಲ್ಲಿ ಕತ್ತರಿಸಿಕೊಂಡಳು. ಕಾರಿನ ಮೂತಿಗೆ ಹಾಕುವ ಮುಚ್ಚಳ ಹಾಗಲ್ಲ. ಗಾಳಿಯನ್ನು ಸೀಳುವಂತೆ ಇಳಿಜಾರಾಗಿ ಬಾಗಿರಬೇಕು, ಹಗುರವಾಗಿರಬೇಕು, ಓಡಿಸುವವರ ಕಾಲಿನ ಮೇಲೆ ಬರುವುದರಿಂದ ಗಟ್ಟಿಯೂ ಇರಬೇಕು. ಅಪ್ಪ ಹಿಡಿದುಕೊಂಡದ್ದು ಇದನ್ನೇ.

"ಇಂಜಿನ್ನು ನಿಂದು ಕಣವ್ವ, ನಾನು ಕೈ ಹಾಕಲ್ಲ. ಮುಂದ್ಗಡೆ ಮುಚ್ಚಳ ಮಾತ್ರ ನಾನು ಒಪ್ಪಿದ್ದೇ ಆಗ್ಬೇಕು. ಆಗ ಕೂತ್ಕ. ಇಲ್ದಿದ್ರೆ ಇದ್ರಲ್ಲಿ ಕೋಳಿ ಸಾಕ್ಕ."

ಅಮ್ಮ ರಾಗಿ ಕೇರುತ್ತಿದ್ದವಳು ತಲೆಯೆತ್ತಲಿಲ್ಲ. "ಮದ್ವೆ ಮನೆಗೆ ಹೋಗೋಕೆ ಒಂದು ಸೀರೆ ಆರಿಸ್ಕಳೇ ಅಂದ್ರೆ ಬರಕಿಲ್ಲ. ಕಾರಿಗೆ ಸೀರೆ ಹುಡುಕ್ಕಂಡು ಹೊಂಟವ್ಳೆ."

ತುರುವೇಕೆರೆ ರಸ್ತೆಯಲ್ಲಿ ಫೈಬರ್ ಕೆಲಸದ ಒಂದು ಶೆಡ್ಡಿದೆ. ಅಲ್ಲಿ ಬಸ್ಸಿನ ಸೀಟು, ಟೆಂಪೊಗಳ ಟಾಪು, ನೀರಿನ ತೊಟ್ಟಿ ಮಾಡುತ್ತಾರೆ. ಮಾಲೀಕ ಬೆಂಗಳೂರಿನಲ್ಲಿ ಕೆಲಸ ಕಲಿತವನು, ನಮ್ಮ ಕಡೆಯವನಲ್ಲ. ಯಾವುದೋ ಕಾಲೇಜಿನ ಹುಡುಗರು ಕಾರು ಕಟ್ಟಿ, ಓಡಿಸಿ, ಕೊನೆಗೆ ಬಿಡಿಬಿಡಿಯಾಗಿ ಮಾರಿದಾಗ ಅದರ ಮೂತಿಯ ಮುಚ್ಚಳವನ್ನು ಕೊಂಡಿಟ್ಟಿದ್ದನಂತೆ. ಅದು ಬಿಳಿಯದು. ಅದರಿಂದ ಅಚ್ಚು ತೆಗೆದು ಹಳದಿಯದೊಂದನ್ನು ತಾನೇ ಎರೆದಿದ್ದ. ಎರಡೂ ಗೋಡೆಗೆ ಒರಗಿ ನಿಂತಿದ್ದವು.

ನಾವು ಒಳಗೆ ಹೋದಾಗ ಅವನು ಮೊದಲು ಮಾಡಿದ ಕೆಲಸವೆಂದರೆ ಬಿಳಿಯದನ್ನು ಗೋಡೆಯ ಕಡೆಗೆ ತಿರುಗಿಸಿದ್ದು. ಇದನ್ನು ನಾನು ಕಂಡೆ. ಅಪ್ಪನೂ ಕಂಡ. ನನ್ನ ಮೊಣಕೈ ತಿವಿದ.

"ಹಳದೀದು ತಗೊಳ್ಳಿ ಯಜಮಾನ್ರೆ," ಅಂದ ಮಾಲೀಕ. "ಬಿಳೀದು ಮಾರೋಕಲ್ಲ. ಅಚ್ಚಿಗೆ ಇಟ್ಕೊಂಡಿದೀನಿ."

"ಯಾಕೆ? ಅಸಲು ನಿಂಗೆ, ನಕಲು ನಮ್ಗಾ?"

"ಹಾಗಲ್ಲ ಯಜಮಾನ್ರೆ. ಅದು ಒಳಗೆ ಬಿಟ್ಕೊಂಡಿದೆ."

ಅಪ್ಪ ನಕ್ಕುಬಿಟ್ಟ. ಆ ನಗು ಯಾಕೆಂದು ನಮ್ಮ ಸೀಮೆಯಾಚೆಯವರಿಗೆ ಹೇಳಬೇಕಾಗುತ್ತದೆ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿ ಒಣಗಿ, ಚಿಪ್ಪಿನಿಂದ ಕಳಚಿಕೊಂಡಾಗ ಅದಕ್ಕೆ ನಾವು 'ಬಿಟ್ಕೊಂಡಿದೆ' ಅನ್ನುತ್ತೇವೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆ ಸದ್ದು ಬಂದರೆ ಮಾಲು ಗಟ್ಟಿ. ಸದ್ದಿಲ್ಲದಿದ್ದರೆ ಒಳಗೆ ಇನ್ನೂ ಹಸಿ. ಹಸಿ ಕಾಯನ್ನು ಸಾಗಹಾಕಲು ನೋಡುವವರನ್ನು ಅಪ್ಪ ಬೇಕಾದಷ್ಟು ಕಂಡಿದ್ದಾನೆ.

ಅವನು ಬಿಳಿಯದನ್ನು ತಿರುಗಿಸಿ, ಎರಡೂ ಕೈಯಲ್ಲಿ ಎತ್ತಿ, ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದ. ಲೊಟಲೊಟ ಅಂದಿತು. ಹಳದಿಯದನ್ನು ಅಲ್ಲಾಡಿಸಿದ. ಅದು ತುಟಿ ಬಿಚ್ಚಲಿಲ್ಲ.

"ಮೂಕಾಗಿರೋದ್ನ ನಮ್ಗೆ ತೋರಿಸ್ತಾವ್ನೆ," ಅಂದ ನನಗೆ, ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, "ಬುಟ್ಕಂಡಿರೋದೇ ಬೇಕು ಕಣಪ್ಪ ನಮ್ಗೆ."

ಮಾಲೀಕ ಅಪ್ಪನ ಮುಖ ನೋಡಿದ, ನನ್ನದನ್ನು ನೋಡಿದ. ತಂಗಿ ಮೊಣಕಾಲೂರಿ ಬಿಳಿಯದರಲ್ಲಿ ಗೂಡಿಗೆ ಕಚ್ಚಿಸುವ ಪಿನ್ನಿನ ತೂತುಗಳನ್ನು ಟೇಪಿನಿಂದ ಅಳೆಯುತ್ತಿದ್ದಳು. ಅವು ನಮ್ಮ ಗೂಡಿಗೆ ಸರಿಯಾಗಿ ಕೂರುವಂತಿದ್ದವು. ಸದ್ದು ಅವಳಿಗೂ ಕೇಳಿಸಿತ್ತು. ಒಳಗೆ ಯಾವುದೋ ನಟ್ಟು ಬಿದ್ದಿರಬೇಕು, ಆಮೇಲೆ ತೆಗೆದರಾಯಿತು ಅಂದಳು.

"ನಿಮ್ಮಿಷ್ಟ," ಅಂದ ಮಾಲೀಕ. ಅವನೇ ಅದನ್ನು ನಾವು ತಂದಿದ್ದ ಟೆಂಪೊಗೆ ಏರಿಸಿ, ಹಗ್ಗವನ್ನು ಎರಡು ಸುತ್ತು ಬಿಗಿದ. ಬೇಡ ಅಂದವನು ಇಷ್ಟು ಬೇಗ ಯಾಕೆ ಒಪ್ಪಿದ ಎಂದು ನನಗೆ ಆಗಲೇ ಅನ್ನಿಸಿತು. ದಾರಿಯುದ್ದಕ್ಕೂ ಪ್ರತಿ ಹಂಪಿನಲ್ಲೂ ಅದು ಲೊಟಲೊಟ ಅನ್ನುತ್ತಿತ್ತು. ಪ್ರತಿ ಸಲವೂ ಅಪ್ಪ ತಲೆದೂಗುತ್ತಿದ್ದ.

"ಅಣ್ಣ, ಇದ್ಯಾಕೋ ಮಾತು ಜಾಸ್ತಿ," ಅಂದಳು ತಂಗಿ. ಮನೆಗೆ ಬಂದ ಮೇಲೆ ನಟ್ಟು ಹುಡುಕಿದಳು, ಸಿಗಲಿಲ್ಲ. ಅಪ್ಪ ಒಪ್ಪಿದ್ದ ಸಂತೋಷದಲ್ಲಿ ಹುಡುಕುವುದನ್ನು ಬಿಟ್ಟಳು.

ಓಡಿಸಿ ನೋಡಿದ್ದು ಪರಿಚಯದವರ ಲೇಔಟಿನಲ್ಲಿ. ತೆಂಗು ಕಡಿದು ರಸ್ತೆ ಹಾಕಿದ್ದರು, ಮನೆಗಳು ಇನ್ನೂ ಎದ್ದಿರಲಿಲ್ಲ. ರಸ್ತೆಯ ಕೊನೆಯಲ್ಲಿ ನಾನು ನಿಂತಿದ್ದೆ, ಅಪ್ಪ ನನ್ನ ಪಕ್ಕದಲ್ಲಿ. ಮೊದಲ ಸಲ ನಿಧಾನವಾಗಿ ಬಂದಳು, ಏನೂ ಆಗಲಿಲ್ಲ. ಎರಡನೆಯ ಸಲ ವೇಗವಾಗಿ ಬಂದಳು.

ಮೊದಲು ಮುಚ್ಚಳದ ನಡುಭಾಗ ಉಬ್ಬಿತು. ಒಳಗಿನಿಂದ ಯಾರೋ ಉಸಿರು ತುಂಬಿದ ಹಾಗೆ. ಅದು ನನ್ನ ಕಣ್ಣಿನ ದೋಷ ಅಂದುಕೊಂಡೆ. ಆಮೇಲೆ ಮುಂದಿನ ಅಂಚು ಬಾಯಿ ಬಿಟ್ಟಿತು. ಮೇಲಿನ ಪದರ ಪೂರ್ತಿ ಎದ್ದು, ಹಿಂದಕ್ಕೆ ಮಡಚಿಕೊಂಡು ತಂಗಿಯ ಮೇಲೆ ಬಿತ್ತು. ಅವಳ ಹೆಲ್ಮೆಟ್ಟು ಕಾಣಿಸದಾಯಿತು. ಕಾರು ಎಡಕ್ಕೆ ತಿರುಗಿ ಎಂ-ಸ್ಯಾಂಡ್ ರಾಶಿಗೆ ಹೊಕ್ಕು ನಿಂತಿತು. ಇಂಜಿನ್ನು ಆಫ್ ಆಯಿತೋ ಅವಳೇ ಆಫ್ ಮಾಡಿದಳೋ ನನಗೆ ಗೊತ್ತಿಲ್ಲ. ನಾನು ಓಡಿದೆನೆಂದು ಅಪ್ಪ ಹೇಳುತ್ತಾನೆ. ನನಗೆ ನೆನಪಿರುವುದು ಅವಳ ಬೆಲ್ಟಿನ ಬಕಲ್ಲು ನನ್ನ ಬೆರಳಿಗೆ ಸಿಕ್ಕದೆ ಜಾರುತ್ತಿದ್ದದ್ದು ಮಾತ್ರ.

ಅವಳ ಭುಜದ ಮೂಳೆಯ ಮೇಲೆ ಉದ್ದಕ್ಕೆ ಕಂದಿತ್ತು. ಹೆಲ್ಮೆಟ್ಟಿನ ಗಾಜಿಗೆ ಗೀರು ಬಿದ್ದಿತ್ತು. ಹೆಚ್ಚಿನದೇನೂ ಆಗಿರಲಿಲ್ಲ.

"ಅಣ್ಣ, ಪಿನ್ನು ನೋಡು. ಪಿನ್ನು ಕಿತ್ತೈತಾ?" ಅಂದಳು. ತನ್ನ ಕೆಲಸದ ಮೇಲೇ ಅವಳಿಗೆ ಅನುಮಾನ.

ಪಿನ್ನುಗಳು ಜಾಗದಲ್ಲೇ ಇದ್ದವು. ಕೆಳಗಿನ ಪದರವನ್ನು ಹಿಡಿದುಕೊಂಡು ಕೂತಿದ್ದವು. ಎರಡು ಪದರಗಳ ನಡುವೆ ಇದ್ದ ಹಲಗೆಯಂಥದ್ದು ಪುಡಿಯಾಗಿ ಮರಳಿನ ಮೇಲೆ ಚೆಲ್ಲಿತ್ತು. ಲೊಟಲೊಟ ಅನ್ನುತ್ತಿದ್ದದ್ದು ಅದೇ.

ಅಪ್ಪ ಆ ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು ಫೈಬರ್ ಶೆಡ್ಡಿಗೆ ಹೊರಟ. ಅವನನ್ನು ಒಬ್ಬನೇ ಬಿಡಲು ಧೈರ್ಯ ಬರದೆ ನಾವಿಬ್ಬರೂ ಹೋದೆವು. ಚೀಲವನ್ನು ಮಾಲೀಕನ ಕಾಲ ಬಳಿ ಸುರಿದ.

"ನನ್ ಮಗಳ್ನ ಸಾಯಿಸ್ತಿದ್ದೆ ಕಣಯ್ಯ."

ಮಾಲೀಕ ಬಗ್ಗಿ ಒಂದು ಚೂರು ಎತ್ತಿಕೊಂಡ. ತಂಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ನಾನು ಹೇಳ್ಲಿಲ್ವಾ? ಒಳಗೆ ಬಿಟ್ಕೊಂಡಿದೆ ಅಂತ? ಪದರ ಪದರ ಬೇರೆಯಾದ್ರೆ ನಮ್ ಕೆಲಸದಲ್ಲಿ ಹಾಗೇ ಅನ್ನೋದು."

"ಹೇಳ್ದೆ. ಬುಟ್ಕಂಡ್ರೆ ಅದು..." ಅಪ್ಪ ಅಲ್ಲಿಗೇ ನಿಂತ. ಅವನ ಬಲಗೈ ಕಾಯಿ ಹಿಡಿದವರಂತೆ ಕಿವಿಯ ಹತ್ತಿರ ಅರ್ಧಕ್ಕೆ ಹೋಗಿತ್ತು. ಅದನ್ನು ಕೆಳಗಿಳಿಸಿದ.

"ನೀವು ನಕ್ರಿ. ಬಿಟ್ಕೊಂಡಿರೋದೇ ಬೇಕು ಅಂದ್ರಿ. ಗೊತ್ತಿದ್ದೇ ಕೇಳ್ತಿದ್ದಾರೆ, ಎಲ್ಲೋ ಶೋಗೆ ಇಡ್ತಾರೆ ಅಂದ್ಕೊಂಡೆ."

ಅವನು ನಿಜ ಹೇಳುತ್ತಿದ್ದನೇ? ಮೊಣಕಾಲೂರಿ ಪಿನ್ನಿನ ತೂತು ಅಳೆಯುವವಳನ್ನು ಕಣ್ಣಾರೆ ಕಂಡವನು ಶೋಗೆ ಅಂದುಕೊಂಡದ್ದು ಹೇಗೆ? ಇನ್ನೊಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಬೇಡ ಅಂದದ್ದೂ ಅವನೇ, ಹಗ್ಗ ಬಿಗಿದದ್ದೂ ಅವನೇ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಇವತ್ತಿಗೂ ನನಗೆ ತೀರ್ಮಾನಕ್ಕೆ ಬರಲಾಗಿಲ್ಲ.

ತಂಗಿ ನಮ್ಮ ಯಾರ ಕಡೆಗೂ ನೋಡಲಿಲ್ಲ. ಹಳದಿಯ ಮುಚ್ಚಳವನ್ನು ನೆಲದ ಮೇಲೆ ಮಲಗಿಸಿ, ಬೆರಳ ಗೆಣ್ಣಿನಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗೇಣು ಗೇಣಿಗೂ ಕುಟ್ಟಿಕೊಂಡು ಹೋದಳು. ಎಲ್ಲ ಕಡೆಯೂ ಒಂದೇ ಸದ್ದು. ಆಮೇಲೆ ಅದನ್ನು ಅಪ್ಪನ ಮುಂದೆ ತಂದು ಹಿಡಿದಳು. ಒಪ್ಪಬೇಕಾದವನು ಅವನೇ ತಾನೇ. ಅಪ್ಪ ಅಲ್ಲಾಡಿಸಿದ. ಇನ್ನೊಂದು ಕಿವಿಗೆ ಹಿಡಿದು ಅಲ್ಲಾಡಿಸಿದ.

"ಮೂಕಾಗೈತಲ್ಲೇ."

"ಇದು ಮೂಕಾಗೇ ಇರ್ಬೇಕು ಕಣಪ್ಪ."

ಅಪ್ಪ ತಾನೂ ಒಂದು ಸಲ ಅದನ್ನು ಗೆಣ್ಣಿನಿಂದ ಕುಟ್ಟಿ ನೋಡಿದ. ಜೀವಮಾನವಿಡೀ ನಂಬಿದ ಕಿವಿಯನ್ನು ಅಲ್ಲೇ ಬಿಟ್ಟುಬರುವುದು ಸುಲಭವಲ್ಲ. ಕೊನೆಗೆ, "ತಗೊ," ಅಂದ.

ಅವಳ ಭುಜ ವಾಸಿಯಾದ ಮೇಲೆ ಅದೇ ಲೇಔಟಿಗೆ ಹೋದೆವು. ಅವಳು ಓಡಿಸುವಾಗ ನಾನು ಅವಳನ್ನು ನೋಡಲಿಲ್ಲ, ಹಳದಿಯನ್ನೇ ನೋಡಿದೆ. ಉಬ್ಬುತ್ತದೆ, ಈಗ ಉಬ್ಬುತ್ತದೆ ಎಂದುಕೊಂಡೇ ನೋಡಿದೆ. ಉಬ್ಬಲಿಲ್ಲ. ಅವಳು ಬಂದು ನಿಲ್ಲಿಸಿದಳು. ಅಪ್ಪ ಪಿನ್ನು ಎಳೆದು ಮುಚ್ಚಳ ಬಿಚ್ಚಿದ, ಕಿವಿಗೆ ಹಿಡಿದು ಅಲ್ಲಾಡಿಸಿದ.

"ಇನ್ನೂ ಬುಟ್ಕಂಡಿಲ್ಲ," ಅಂದ. ಹಸಿ ಕಾಯನ್ನು ಅಟ್ಟಕ್ಕೆ ವಾಪಸು ಹಾಕುವಾಗ ಹೇಳುವ ಅದೇ ದನಿಯಲ್ಲಿ.

ತಂಗಿ ಹೆಲ್ಮೆಟ್ಟು ತೆಗೆಯಲಿಲ್ಲ. "ಹಂಗಾದ್ರೆ ವಾಪಸ್ ಹಾಕಪ್ಪ," ಅಂದಳು. "ಇನ್ನೊಂದು ಸುತ್ತು ಹೋಗ್ಬತ್ತೀನಿ."