ಸ್ಪೀಕರ್ ವೈರೂ ನನ್ನ ಹೆಸರೂ

ನಮ್ಮ ಮನೆಯ ಹಾಲ್‌ನಲ್ಲಿ ಈಗ ನಾಲ್ಕು ಜೊತೆ ಸ್ಪೀಕರ್ ವೈರುಗಳಿವೆ. ಸ್ಪೀಕರುಗಳು ಮಾತ್ರ ಒಂದೇ ಜೊತೆ. ಇದನ್ನು ನಾನಾಗಿಯೇ ಒಪ್ಪಿಕೊಂಡುಬಿಡುವುದು ಕ್ಷೇಮ. ಇಲ್ಲದಿದ್ದರೆ ಶಿಕಾರಿಪುರದ ನಮ್ಮ ಮನೆಗೆ ಬಂದವರಿಗೆಲ್ಲ ನನ್ನ ಹೆಂಡತಿ ಗಿರಿಜೆ ಕಾಫಿಗಿಂತ ಮೊದಲು ಈ ಸುದ್ದಿಯನ್ನೇ ಕೊಡುತ್ತಾಳೆ.

ವೈರು ಬದಲಾದರೆ ದನಿ ಬದಲಾಗುತ್ತದೆಂದು ನಂಬುವವರ ಒಂದು ಪಂಗಡವೇ ಇದೆ, ಸ್ವಾಮಿ. ಮೊಬೈಲಿನಲ್ಲಿ ಅವರ ಉಪನ್ಯಾಸ ಕೇಳಬೇಕು ನೀವು. ದಪ್ಪ ತಾಮ್ರದ ಎಳೆಯಾದರೆ ದನಿ ಬೆಚ್ಚಗಿರುತ್ತದಂತೆ. ಬೆಳ್ಳಿಯ ಲೇಪವಿದ್ದರೆ ಹೊಳೆಯುತ್ತದಂತೆ. ದನಿಯನ್ನು ಮುಟ್ಟಿ, ನೋಡಿ, ಮೂಸಿ ವರ್ಣಿಸುತ್ತಾರೆಯೇ ಹೊರತು ಕೇಳಿ ವರ್ಣಿಸಿದವರನ್ನು ನಾನು ಕಾಣೆ. ನಾನಾದರೋ ನಿವೃತ್ತ ಸರ್ವೆಯವ. ಜಮೀನು ಅಳೆದೂ ಅಳೆದೂ, ಕಣ್ಣಿಗೆ ಕಾಣದ ಗಡಿಯನ್ನೂ ಇದೆಯೆಂದು ನಂಬಿಯೇ ಸಂಬಳ ತಿಂದವನು. ಈ ಪಂಗಡ ಸೇರಲು ನನಗೆ ತಡವಾಗಲಿಲ್ಲ. ಎಡದ ಸ್ಪೀಕರಿನ ವೈರೂ ಬಲದ್ದೂ ಒಂದೇ ಉದ್ದ ಇರಬೇಕೆಂದು ಕೇಳಿದ ದಿನವೇ ಟೇಪು ಹಿಡಿದು ನೆಲಕ್ಕೆ ಬಿದ್ದಿದ್ದೆ.

ಆದರೆ ನನಗೆ ಸಂಗೀತದ ಹುಚ್ಚು ಎಂದುಕೊಳ್ಳಬೇಡಿ. ನನಗೆ ಬೇಕಾಗಿದ್ದದ್ದು ಒಂದೇ ಒಂದು ಕ್ಯಾಸೆಟ್ಟಿನ ಒಂದೇ ಒಂದು ಮಾತು. ಅದು ನನ್ನ ಹೆಸರು.

ನಮ್ಮ ಕಡೆ ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟುವ ಮೊದಲು ಒಳಗಿನ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರನ್ನು ಒಂದು ಒಡಪಿನೊಳಗೆ ಸೇರಿಸಿ, ಪ್ರಾಸ ಹೊಂದಿಸಿ ಹೇಳಿದರೆ ಮಾತ್ರ ದಾರಿ. ಅದೊಂದು ಸಲ ಹೇಳಿದರೆ ಮುಗಿಯಿತು. ಆಮೇಲೆ ಜೀವಮಾನವೆಲ್ಲ ‘ರೀ’, ‘ಇವ್ರು’, ‘ನಮ್ಮನೆಯೋರು’. ಗಿರಿಜೆ ಸೊರಬದ ಕಡೆಯವಳು. ನಮ್ಮ ಮದುವೆಯಲ್ಲಿ ಅವಳು ಹೇಳಿದ ಒಡಪನ್ನು ನನ್ನ ಸೋದರಮಾವ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದಾನೆ. ನೀನು ಪಕ್ಕದಲ್ಲೇ ನಿಂತಿದ್ದೆಯಲ್ಲ, ಕೇಳಿಸಿರಬೇಕಲ್ಲ ಎಂದು ನೀವು ಕೇಳಬಹುದು. ನಾನೇನೋ ಅವಳ ಪಕ್ಕದಲ್ಲಿದ್ದೆ. ವಾಲಗದವರು ನನ್ನ ಪಕ್ಕದಲ್ಲಿದ್ದರು.

ಅಂದಿನಿಂದ ಮೂವತ್ತು ವರ್ಷ ಅವಳ ಬಾಯಲ್ಲಿ ನನ್ನ ಹೆಸರು ಬಂದಿಲ್ಲ. ಆಸ್ಪತ್ರೆಯಲ್ಲಿ ನರ್ಸು ಗಂಡನ ಹೆಸರೇನೆಂದರೆ ಪರ್ಸಿನಿಂದ ನನ್ನ ಆಧಾರ್ ಕಾರ್ಡು ತೆಗೆದು ತೋರಿಸುತ್ತಾಳೆ. ತಾಳಗುಂದದ ಶಾಸನದ ಕಂಬದ ಮೇಲೆ ಯಾವ ಕಾಲದ ದೊರೆಗಳ ಹೆಸರುಗಳೋ ಇನ್ನೂ ಓದುವ ಹಾಗಿವೆ. ಅಲ್ಲಿಗೆ ಹೋದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನ್ನದು ಕಲ್ಲಿನ ಮೇಲೆ ಬೇಡ, ಇವಳ ದನಿಯಲ್ಲಿ ಒಂದು ಸಲ ಕೇಳಿದ್ದರೆ ಸಾಕಿತ್ತು. ಕ್ಯಾಸೆಟ್ಟು ಹಾಕಿದರೆ ‘ಹಿತ್ತಲಲ್ಲಿ ಹೀರೇಬಳ್ಳಿ, ಚಪ್ಪರದಲ್ಲಿ ಅವರೆಬಳ್ಳಿ’ ಎಂದು ಅವಳ ಎಳೆಯ ದನಿ ನಡುಗುತ್ತ ಬರುತ್ತದೆ. ಅಷ್ಟರಲ್ಲಿ ಹೆಂಗಸರು ಹೋ ಎನ್ನುತ್ತಾರೆ, ವಾಲಗ ಮೊಳಗುತ್ತದೆ. ಆ ಗದ್ದಲದ ಅಡಿಯಲ್ಲೆಲ್ಲೋ ನನ್ನ ಹೆಸರು ಬಿದ್ದಿದೆ. ಅದನ್ನು ಎತ್ತಲು ಒಳ್ಳೆಯ ವೈರು ಬೇಕೆಂದು ನಾನು ತೀರ್ಮಾನಿಸಿದೆ. ಗಿರಿಜೆಗೆ ಮಾತ್ರ ಹೇಳಲಿಲ್ಲ. ಈ ವಯಸ್ಸಿನಲ್ಲಿ ಇದನ್ನೆಲ್ಲ ಹೇಳಿಕೊಳ್ಳಲು ನಾಚಿಕೆ.

ಮೂರನೆಯ ಜೊತೆ ವೈರು ಬಂದ ವಾರ ಭಾಮೈದ ಹಾಲೇಶ ಸೊರಬದಿಂದ ಬಂದ. ಅಲ್ಲಿಯ ಬಸ್ ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ಟಿನ ಮೋಟರು ಸುತ್ತುವ ಅಂಗಡಿ ಅವನದು. ತಾಮ್ರದ ತಂತಿಯ ನಡುವೆಯೇ ಬದುಕುವವನಿಗೆ ತಂತಿಯ ಬಗ್ಗೆ ಭಕ್ತಿ ಇರುವುದಿಲ್ಲ.

“ಭಾವ, ನಮ್ಮಂಗ್ಡಿ ವೈರಲ್ಲಿ ಐದು ಹೆಚ್‌ಪಿ ಮೋಟ್ರು ಓಡ್ತದೆ. ನಿಮ್ಮನೆ ಹಾಡು ಓಡಲ್ವಾ?” ಎಂದು ಕೈಚೀಲದಿಂದ ಒಂದು ಕಪ್ಪು ಸುರುಳಿ ತೆಗೆದ. ನಾಲ್ಕನೆಯ ಜೊತೆ ಅದೇ. ಪರೀಕ್ಷೆಯೇ ಆಗಿಹೋಗಲಿ ಎಂದೆ. ನಾನು ಗೋಡೆಗೆ ಮುಖ ಮಾಡಿ ಕೂರುವುದು, ಅವನು ವೈರು ಬದಲಾಯಿಸಿ ಮತ್ತೆ ಮತ್ತೆ ಕ್ಯಾಸೆಟ್ಟು ಹಾಕುವುದು. ಒಂದನೆಯದು ಮಂಕು ಎಂದೆ. ಎರಡನೆಯದರಲ್ಲಿ ವಾಲಗ ತುಸು ಹಿಂದೆ ಸರಿಯಿತೆಂದೆ. ಮೂರನೆಯದಕ್ಕೆ ತೊಡೆ ತಟ್ಟಿ, “ಇದೇ ನೋಡು! ಹೆಸರಿನ ಮೊದಲಕ್ಷರ ಕೇಳಿಸ್ತತಿ!” ಎಂದು ಕೂಗಿಯೇಬಿಟ್ಟೆ. ತಿರುಗಿ ನೋಡಿದರೆ ಹಾಲೇಶ ಕಾಲು ಚಾಚಿ ಕೂತು ಮಂಡಕ್ಕಿ ತಿನ್ನುತ್ತಿದ್ದ.

“ಬದ್ಲೇ ಮಾಡ್ಲಿಲ್ಲ ಭಾವ. ಮೂರು ಸಲಾನೂ ಒಂದೇ ವೈರು” ಎಂದ.

ಅಷ್ಟರಲ್ಲಿ ಬಾಗಿಲಲ್ಲಿ ಗಿರಿಜೆ ನಿಂತಿದ್ದಳು. ‘ಹೆಸರಿನ ಮೊದಲಕ್ಷರ’ ಎಂಬ ನನ್ನ ಕೂಗು ಅಡಿಗೆಮನೆಗೆ ಯಾವ ವೈರಿನ ಸಹಾಯವೂ ಇಲ್ಲದೆ ಮುಟ್ಟಿತ್ತು.

“ಇಷ್ಟು ದಿನ ವೈರು ತಂದಿದ್ದು ಇದಕ್ಕಾ?” ಎಂದಳು.

ನಾನು ತಲೆಯಾಡಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

“ಹೇಳಿದ್ರಲ್ವೇನ್ರೀ ಕೇಳ್ಸೋದು! ಗಂಡನ ಹೆಸ್ರು ಹೇಳಿದ್ರೆ ಅವ್ರ ಆಯಸ್ಸು ಕಡಿಮೆ ಆಗ್ತದೆ ಅಂತ ನಮ್ಮವ್ವ ಹೆದ್ರಿಸಿ ಕಳ್ಸಿದ್ಲು. ಆ ಗಲಾಟೇಲಿ ಸುಮ್ನೆ ತುಟಿ ಆಡ್ಸಿ ಒಳಗೆ ಬಂದ್ಬಿಟ್ಟೆ.”

ಇಲ್ಲದ ಹೆಸರಿಗೆ ನಾನು ಇಷ್ಟು ದಿನ ತಾಮ್ರ, ಬೆಳ್ಳಿ ಹುಡುಕಿದ್ದೆ. ನಗು ಬರಬೇಕಿತ್ತು. ಬರಲಿಲ್ಲ. ನನ್ನ ಆಯಸ್ಸನ್ನು ಇವಳು ಮೂವತ್ತು ವರ್ಷ ಬಾಯೊಳಗೆ ಕಾಪಾಡಿಕೊಂಡು ಬಂದಿದ್ದಳು. ನಾನು ಅದನ್ನು ಸ್ಪೀಕರಿನಲ್ಲಿ ಹುಡುಕುತ್ತಿದ್ದೆ. ಆದರೂ ಆಸೆ ಬಿಡಲಿಲ್ಲ.

“ಈಗ ಒಂದ್ಸಲ ಹೇಳಿದ್ರೆ ಆಯಸ್ಸು ಎಷ್ಟು ಕಡಿಮಿ ಆದೀತು?” ಎಂದೆ.

“ನೀವೇ ಸರ್ವೆಯೋರು. ಅಳೀರಿ” ಎಂದು ಒಳಗೆ ಹೋದಳು.

ಹಾಲೇಶ ಮಧ್ಯಾಹ್ನದ ಬಸ್ಸಿಗೆ ಹೊರಟ. ನಾನು ನೆಲದ ಮೇಲೆ ಕೂತು ವೈರುಗಳನ್ನು ಒಂದೊಂದಾಗಿ ಸುತ್ತತೊಡಗಿದೆ. ಅಡಿಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ತಿರುಗುತ್ತಿತ್ತು. ಅದು ತಿರುಗುತ್ತಿದ್ದಾಗಲೇ, ಈ ಕಡೆ ಬೆನ್ನು ಮಾಡಿಕೊಂಡು, ಅವಳು ಮೆಲ್ಲಗೆ ಹೇಳಿದಳು:

“ಹಿತ್ತಲಲ್ಲಿ ಹೀರೇಬಳ್ಳಿ, ಚಪ್ಪರದಲ್ಲಿ ಅವರೆಬಳ್ಳಿ, ಹಾಲ್ ತುಂಬ ವೈರಿನ ಬಳ್ಳಿ ಹಬ್ಸಿದೋರು ನಮ್ಮ ರುದ್ರಪ್ಪನೋರು.”

ಒಂದಕ್ಷರವೂ ತಪ್ಪದೆ ಕೇಳಿಸಿತು. ಕೈಯಲ್ಲಿದ್ದ ಸುರುಳಿ ಹಾಗೇ ನಿಂತಿತು. ಮಿಕ್ಸಿ ನಿಂತಮೇಲೆ ಸಾಧ್ಯವಾದಷ್ಟು ಸಪ್ಪೆ ಮುಖ ಮಾಡಿಕೊಂಡು ಕೂಗಿದೆ:

“ಏನೋ ಅಂದ್ಯಲ್ಲ? ಸರಿಯಾಗಿ ಕೇಳಿಸ್ಲಿಲ್ಲ.”

“ವೈರು ಬದ್ಲಾಯ್ಸಿ ನೋಡಿ” ಎಂದು ಅವಳು ಮತ್ತೆ ಮಿಕ್ಸಿ ಹಾಕಿದಳು.